ಕಿರುಪದವೊಂದರ ಹಿರಿಯ ಸಂಸಾರ

ಆಂಗ್ಲ ಭಾಷೆಯಲ್ಲಿ ‘ಸೆಟ್’ ಎಂಬ ಪದವೊಂದುಂಟು. ಬರೆಯಲು ಮೂರೇ ಅಕ್ಷರ. ಆದರೆ 1989ರಲ್ಲಿ 20 ಸಂಪುಟಗಳಲ್ಲಿ ಹೊರಬಂದ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಎರಡನೆಯ ಆವೃತ್ತಿಯಲ್ಲಿ ಅತ್ಯಂತ ದೀರ್ಘವಾದ ವಿವರಣೆ ದೊರೆತುದು ಈ ಪದಕ್ಕೇ. ಅಲ್ಲಿ ಇದರ ಅರ್ಥಗಳು 430ಕ್ಕೂ ಮಿಗಿಲು. ಇಷ್ಟು ಪುಟ್ಟ ಪದಕ್ಕೆ ಇಷ್ಟು ದೊಡ್ಡ ಸಂಸಾರ ಕೂಡಿಬಂದ ಬಗೆ ವಿಚಾರಾರ್ಹವಾಗಿದೆ.

ಮೂಲದಲ್ಲಿ ಇವು ಎರಡು ಪದಗಳು. ‘ಇಡು, ಇರಿಸು’ ಎಂಬರ್ಥದ ಕ್ರಿಯಾಪದವು ಜರ್ಮಾನಿಕ್ ಮೂಲದ್ದು. ಕುಳಿತುಕೊಳ್ಳುವುದೆಂಬ ಅರ್ಥದ ‘ಸಿಟ್’ ಪದದ ಪ್ರೇರಣಾರ್ಥಕ ರೂಪ. ಸಂಸ್ಕೃತದ ‘ಸದ್’ ಧಾತುವಿಗೂ ಇದಕ್ಕೂ ಬೇರು ಒಂದೇ. ಆದಕಾರಣ ‘ಸದನ’, ‘ಪರಿಷತ್ತು’, ‘ಉಪನಿಷತ್ತು’ಗಳು ಇದರ ದೂರದ ಬಂಧುಗಳು. ಗುಂಪು, ಜೊತೆ ಎಂಬರ್ಥದ ನಾಮಪದವಾದರೋ ಲ್ಯಾಟಿನ್ನಿನ ‘ಸೆಕ್ಟ’ದಿಂದ ಫ್ರೆಂಚ್ ಭಾಷೆಯ ಮೂಲಕ ಬಂದುದು. ಕಾಲಕ್ರಮದಲ್ಲಿ ಎರಡು ಹೊಳೆಗಳು ಕೂಡಿ ಒಂದೇ ಹೆಸರನ್ನು ಪಡೆದವು.

ಇದರ ಸಂಚಾರ ಎಲ್ಲೆಲ್ಲಿಲ್ಲ! ಸೂರ್ಯನಿಗೆ ಅನ್ವಯಿಸಿದರೆ ಮುಳುಗುವುದು, ಗಾರೆಗಾದರೆ ಗಟ್ಟಿಯಾಗುವುದು, ಮುರಿದ ಮೂಳೆಗಾದರೆ ಕೂಡಿಸುವುದು, ಗಡಿಯಾರಕ್ಕಾದರೆ ವೇಳೆ ಸರಿಪಡಿಸುವುದು, ಪ್ರಶ್ನಪತ್ರಿಕೆಗಾದರೆ ಸಿದ್ಧಪಡಿಸುವುದು. ಮುದ್ರಣಾಲಯದಲ್ಲಿ ಅದು ಅಚ್ಚಿನ ಮೊಳೆ ಜೋಡಿಸುವ ಕೆಲಸ. ಬಡಗಿಯ ಕೈಯಲ್ಲಿ ಗರಗಸದ ಹಲ್ಲುಗಳನ್ನು ಆಚೀಚೆ ಬಾಗಿಸುವ ಕೆಲಸ. ಗಣಿತದಲ್ಲಿ ಅದೇ ‘ಗಣ’. ಕನ್ನಡ ನಾಡಿನಲ್ಲಂತೂ ಪಂಪ್‌ಸೆಟ್ಟಾಗಿ ರೈತನ ಬಾವಿಗೂ, ಸೆಟ್ ದೋಸೆಯಾಗಿ ಉಪಾಹಾರಗೃಹದ ತಟ್ಟೆಗೂ ಇಳಿದಿದೆ.

ಇಂಥ ಪದಕ್ಕೆ ‘ಸೆಟ್ ಎಂದರೆ ಇಡು’ ಎಂದು ಒಂದೇ ಅರ್ಥವನ್ನು ಕಂಠಪಾಠ ಮಾಡಿಸಿದರೆ ಹಳ್ಳಿಯ ಮಗುವಿನ ಗತಿಯೇನು? ಸೂರ್ಯಾಸ್ತದ ವಾಕ್ಯ ಎದುರಾದಾಗ ಅದು ‘ಸೂರ್ಯನು ಇಡುತ್ತಾನೆ’ ಎಂದು ಬರೆಯುತ್ತದೆ, ತರಗತಿಯೆಲ್ಲ ನಗುತ್ತದೆ. ಈ ಭಾಷೆ ತನ್ನಂಥವರಿಗಲ್ಲವೆಂದು ಮಗು ಅಂದೇ ಬಾಯಿ ಮುಚ್ಚುತ್ತದೆ. ಕಳೆದ ಅಂಕವು ಮುಂದಿನ ಪರೀಕ್ಷೆಯಲ್ಲಿ ಬಂದೀತು. ಕಳೆದ ಧೈರ್ಯವು ಅಷ್ಟು ಸುಲಭವಾಗಿ ಬಾರದು.

ಅದೇ ಮಗು ಮನೆ ಕಟ್ಟುವುದನ್ನೂ ಹಸು ಕಟ್ಟುವುದನ್ನೂ ಬಲ್ಲದು. ಶುಲ್ಕ ಕಟ್ಟುವುದನ್ನೂ ಕಥೆ ಕಟ್ಟುವುದನ್ನೂ ಬಲ್ಲದು. ನೆಗಡಿಯಾದರೆ ಮೂಗು ಕಟ್ಟುವುದೆಂಬುದನ್ನೂ ಬಲ್ಲದು. ‘ಕಟ್ಟು’ ಪದದ ಅರ್ಥಗಳನ್ನು ಯಾರೂ ಅದಕ್ಕೆ ಪಟ್ಟಿ ಮಾಡಿ ಕಲಿಸಲಿಲ್ಲ. ತಾಯಿಯ ಮಾತಿನಲ್ಲಿ, ಕೇರಿಯ ಆಟದಲ್ಲಿ ಸಂದರ್ಭಸಹಿತವಾಗಿ ಕೇಳಿತು, ಕಲಿತಿತು.

ಪ್ರಾಚೀನ ಶಾಸ್ತ್ರಕಾರರು ಈ ತತ್ತ್ವವನ್ನು ಚೆನ್ನಾಗಿ ಅರಿತಿದ್ದರು. ‘ಸೈಂಧವವನ್ನು ತಾ’ ಎಂಬುದು ಅವರ ಪ್ರಸಿದ್ಧ ಉದಾಹರಣೆ. ಊಟದ ಹೊತ್ತಿನಲ್ಲಿ ಹೇಳಿದರೆ ಅದು ಉಪ್ಪು. ಪ್ರಯಾಣದ ಹೊತ್ತಿನಲ್ಲಿ ಹೇಳಿದರೆ ಕುದುರೆ. ಅನೇಕಾರ್ಥವುಳ್ಳ ಶಬ್ದದ ಅರ್ಥವನ್ನು ಪ್ರಕರಣ, ಸಾಹಚರ್ಯ ಮೊದಲಾದವು ನಿಶ್ಚಯಿಸುತ್ತವೆಂದು ಭರ್ತೃಹರಿಯ ‘ವಾಕ್ಯಪದೀಯ’ವೂ ತಿಳಿಸುತ್ತದೆ.

ಆದುದರಿಂದ ಅಧ್ಯಾಪಕರು ಆಂಗ್ಲ ಪದವನ್ನು ಬಿಡಿಯಾಗಿ ಕೊಡದೆ ಹತ್ತು ವಾಕ್ಯಗಳ ನಡುವೆ ಇಟ್ಟು ಕೊಡಲಿ. ವಿದ್ಯಾಪ್ರೇಮಿಗಳಾದ ದಾನಿಗಳು ಪ್ರಯೋಗಸಹಿತವಾದ ನಿಘಂಟನ್ನು ಪ್ರತಿ ತರಗತಿಗೂ ಒದಗಿಸಲಿ. ‘ಕಟ್ಟು’ವನ್ನು ಗೆದ್ದ ಮಗುವಿಗೆ ‘ಸೆಟ್’ ಅಸಾಧ್ಯವೇನಲ್ಲ.