ಬೋರು ಪುರಾಣ

ಇಂಗ್ಲಿಷಿನಿಂದ ಕನ್ನಡಕ್ಕೆ ಬಂದ ನಾಮಪದಗಳಲ್ಲಿ ಎರಡು ಬಗೆ. ಕೆಲವು ಅತಿಥಿಗಳಂತೆ ಬಂದು, ಹಜಾರದಲ್ಲಿಯೇ ಕುಳಿತು, ಕಾಫಿ ಕುಡಿದು ಹೊರಟುಹೋಗುತ್ತವೆ. ಮತ್ತೆ ಕೆಲವು ಮನೆಯಳಿಯನಂತೆ. ಒಮ್ಮೆ ಬಾಗಿಲಲ್ಲಿ ಚಪ್ಪಲಿ ಬಿಟ್ಟುವೆಂದರೆ ಮುಗಿಯಿತು, ಅಡಿಗೆಮನೆ, ಕೊಟ್ಟಿಗೆ, ಹೊಲ, ತೋಟ, ಕಟ್ಟಕಡೆಗೆ ಸಾಲಪತ್ರದಲ್ಲಿಯೂ ಅವುಗಳದೇ ಪಾರುಪತ್ಯ. ‘ಬೋರು’ ಈ ಎರಡನೆಯ ಬಗೆಯದು. ಅದರ ಪ್ರತಾಪವನ್ನು ಕಣ್ಣಾರೆ ಕಾಣಬೇಕೆಂಬ ಕುತೂಹಲವುಳ್ಳವರು ಶಿರಾ ತಾಲ್ಲೂಕಿನ ತಾವರೆಕೆರೆಗೆ ಹೋಗಬೇಕು. ಬೆಂಗಳೂರಿನಲ್ಲಿಯೂ ಅದರ ಆಸುಪಾಸಿನಲ್ಲಿಯೂ ಇದೇ ಹೆಸರಿನ ಜಾಗಗಳಿರುವುದರಿಂದ, ಇದು ಶಿರಾ ದಾಟಿ ಹಿರಿಯೂರಿನ ಕಡೆಗೆ ಹೆದ್ದಾರಿಯಲ್ಲಿ ಸಾಗುವಾಗ ಸಿಗುವ ತಾವರೆಕೆರೆ ಎಂದು ಬಿಡಿಸಿ ಹೇಳಿದರೆ ತಪ್ಪಾಗಲಾರದು.

ಹೆದ್ದಾರಿಯ ಬದಿಯ ಚಹದಂಗಡಿಯ ಬೆಂಚಿನ ಮೇಲೆ ಅರ್ಧ ತಾಸು ಕುಳಿತವನ ಕಿವಿಗೆ ಈ ಒಂದು ಶಬ್ದ ನಾಲ್ಕು ವೇಷಗಳಲ್ಲಿ ಬಿದ್ದೀತು. ಲಾರಿಯ ಡ್ರೈವರು ತನ್ನ ಇಂಜಿನ್ನು ‘ಬೋರಿಗೆ ಬಂದಿದೆ’ ಎಂದು ಗೋಳಾಡುತ್ತಾನೆ. ಸಿಲಿಂಡರಿನ ಒಳಗೋಡೆ ಸವೆದು, ಎಣ್ಣೆ ಕುಡಿದು, ಹೊಗೆಯುಗುಳುವ ಸ್ಥಿತಿಗೆ ಅದು ತಲುಪಿದೆಯೆಂದೂ, ಇನ್ನು ಒಳಗನ್ನು ಕೊರೆಸಿ ದಪ್ಪನೆಯ ಪಿಸ್ಟನ್ನು ಕೂರಿಸದೆ ಗತ್ಯಂತರವಿಲ್ಲವೆಂದೂ ಅದರ ಅರ್ಥ. ಪಕ್ಕದಲ್ಲಿ ಕುಳಿತ ಹಿರಿಯರೊಬ್ಬರು ಹಂದಿಯ ಕಾಟದ ಮಾತು ತೆಗೆದು ಹಿಂದಿನವರ ‘ಹನ್ನೆರಡು ಬೋರಿನ’ ಕೋವಿಯನ್ನು ನೆನೆಯುತ್ತಾರೆ. ಈ ಹನ್ನೆರಡು ಇಂಚೂ ಅಲ್ಲ, ಗೆರೆಯೂ ಅಲ್ಲ. ಆ ನಳಿಗೆಯಲ್ಲಿ ಸರಿಯಾಗಿ ಕೂರುವ ಅಳತೆಯ ಸೀಸದ ಗುಂಡುಗಳನ್ನು ತೂಗಿದರೆ ಪೌಂಡಿಗೆ ಹನ್ನೆರಡು ಬರುತ್ತವೆ ಎಂಬ ಲೆಕ್ಕ. ಬಸ್ಸಿಗೆ ಕಾದು ಸೋತ ಕಾಲೇಜು ಹುಡುಗನಿಗೆ ಇಡೀ ಊರೇ ಬೋರು. ಇನ್ನು ನಾಲ್ಕನೆಯದು, ಸುತ್ತಣ ಹೊಲಗಳ ಬೋರು. ಅದನ್ನು ಹೇಳುವಾಗ ಯಾರೂ ನಗುವುದಿಲ್ಲ.

ಬೇಸಗೆಯ ರಜೆಗೆ ಬೆಂಗಳೂರಿನಿಂದ ಬಂದ ಮೊಮ್ಮಗನೂ ಹಳ್ಳಿಯ ತಾತನೂ ಜಗಲಿಯಲ್ಲಿ ಕುಳಿತಿರುವ ಮನೆಗಳು ಈ ಸೀಮೆಯಲ್ಲಿ ಬೇಕಾದಷ್ಟು. ಮಧ್ಯಾಹ್ನ ಮೂರು ಗಂಟೆ, ಕರೆಂಟಿಲ್ಲ, ಹುಡುಗನ ಕೈಯ ಫೋನು ಸತ್ತಿದೆ.

“ತಾತ, ತುಂಬಾ ಬೋರ್ ಆಗ್ತಿದೆ.”

ಅರೆನಿದ್ದೆಯಲ್ಲಿದ್ದ ತಾತ ಥಟ್ಟನೆ ಎದ್ದು ಕೂರುತ್ತಾನೆ. “ಎಲ್ಲಪ್ಪಾ? ಯಾರ ಹೊಲದಾಗೆ? ಎಷ್ಟಿಂಚು ಬಿತ್ತಂತೆ?”

ಮೊಮ್ಮಗ ನಗುತ್ತಾನೆ. ತಾತನಿಗೆ ಆ ನಗೆಯ ಕಾರಣ ತಿಳಿಯುವುದಿಲ್ಲ. ತಿಳಿಸಿ ಹೇಳಿದರೂ, ಏನೂ ಕೆಲಸವಿಲ್ಲದೆ ಕೂರುವುದಕ್ಕೆ ಅಷ್ಟು ದುಬಾರಿಯ ಹೆಸರನ್ನು ಏಕೆ ಇಟ್ಟರೆಂಬುದು ಅವನಿಗೆ ಬಗೆಹರಿಯುವುದಿಲ್ಲ.

ಈ ಗೊಂದಲಕ್ಕೆ ಹೊಣೆ ಕನ್ನಡವಲ್ಲ, ಇಂಗ್ಲಿಷು. ಆ ಭಾಷೆಯ ನಿಘಂಟುಗಳಲ್ಲಿಯೇ ಈ ಶಬ್ದಕ್ಕೆ ಒಂದಲ್ಲ, ಹಲವು ಬೇರೆ ಬೇರೆ ಮನೆಗಳುಂಟು. ತೂತು ಕೊರೆ ಎಂಬ ಅರ್ಥದ್ದು ಹಳೆಯ ಇಂಗ್ಲಿಷಿನ ಕಾಲದಿಂದ ಬಂದ ಹಿರಿಯ; ಕೋವಿಯ ನಳಿಗೆಯೂ ಸಿಲಿಂಡರೂ ಅವನ ಮಕ್ಕಳು. ಬೇಸರ ತರಿಸುವವನು ಎಂಬುದು ಹದಿನೆಂಟನೆಯ ಶತಮಾನದ ಮಧ್ಯಭಾಗದಲ್ಲಿ ಇದ್ದಕ್ಕಿದ್ದಂತೆ ಲಂಡನ್ನಿನ ಸಿರಿವಂತರ ಕಾಗದಗಳಲ್ಲಿ ಕಾಣಿಸಿಕೊಂಡ ಮಾತು. ಅದರ ತಂದೆತಾಯಿಗಳು ಯಾರೆಂಬುದನ್ನು ಪಂಡಿತರು ಇಂದಿಗೂ ಖಚಿತವಾಗಿ ಗುರುತಿಸಿಲ್ಲ. ಇವೆರಡೂ ಅಲ್ಲದೆ ಮೂರನೆಯದೊಂದುಂಟು. ಭರತದ ವೇಳೆಯಲ್ಲಿ ಸಮುದ್ರದ ನೀರು ನದೀಮುಖದೊಳಕ್ಕೆ ಗೋಡೆಯಂತೆ ಎದ್ದು ಹಿಮ್ಮುಖವಾಗಿ ನುಗ್ಗುತ್ತದಲ್ಲವೆ, ಅದೂ ಇಂಗ್ಲಿಷಿನವರಿಗೆ ಬೋರೇ. ಕಲ್ಕತ್ತೆಯ ಹೂಗ್ಲಿಯಲ್ಲಿ ಇದನ್ನು ಕಾಣಬಹುದು. ಬಂಗಾಳಿಗಳು ಅದಕ್ಕೆ ‘ಬಾನ್’ ಎನ್ನುತ್ತಾರೆ. ಸ್ಕ್ಯಾಂಡಿನೇವಿಯದ ಹಳೆಯ ಭಾಷೆಯಲ್ಲಿ ಅಲೆಗೆ ಇದ್ದ ಹೆಸರಿನಿಂದ ಇದು ಬಂದಿರಬಹುದೆಂದು ಊಹೆ. ನೀರೇ ಇಲ್ಲದ ಸೀಮೆಯಲ್ಲಿ ನೀರಿನ ಗೋಡೆಗೂ ಇದೇ ಹೆಸರೆಂದರೆ ಯಾರು ನಂಬಿಯಾರು?

ಬೇಸರದ ಬೋರು ಪೇಟೆಯ ಮನೆಗಳಲ್ಲಿ ಈಚೆಗೆ ಬಹಳ ಅಗ್ಗವಾಗಿದೆ. ಕನ್ನಡದ ‘ಬೇಸರ’ ಹೆಚ್ಚು ತೂಕದ ಶಬ್ದ; ಅದರಲ್ಲಿ ದಣಿವಿದೆ, ಮುನಿಸಿದೆ, ದುಃಖದ ಒಂದು ಎಳೆಯೂ ಇದೆ. ಸೊಸೆಯ ಮಾತಿನಿಂದ ಅತ್ತೆಗಾಗುವುದು ಬೇಸರ, ಬೋರಲ್ಲ. ಆದರೂ ಈ ಅರ್ಥದ ಬೋರು ಕನ್ನಡದಲ್ಲಿ ಅಷ್ಟು ಸಲೀಸಾಗಿ ಬೇರುಬಿಟ್ಟಿದ್ದಕ್ಕೆ ಒಂದು ಒಳಗಿನ ಕಾರಣವಿದ್ದಂತಿದೆ. ಕನ್ನಡದ ‘ಕೊರೆ’ ಎಂಬ ಧಾತು ತಾನೂ ಇದೇ ದಾರಿಯಲ್ಲಿ ನಡೆದದ್ದು. ಮರವನ್ನು ಕೊರೆಯುತ್ತಾರೆ, ಮಾಗಿಯ ಚಳಿ ಕೊರೆಯುತ್ತದೆ, ಚಿಂತೆ ಮನಸ್ಸನ್ನು ಕೊರೆಯುತ್ತದೆ, ತರಗತಿಯಲ್ಲಿ ಮೇಷ್ಟರೂ ಕೊರೆಯುತ್ತಾರೆಂದು ವಿದ್ಯಾರ್ಥಿಗಳ ದೂರು. ಇನ್ನೂ ಒಂದು ಚಮತ್ಕಾರವುಂಟು. ‘ಕೊರೆತ’ ಎಂಬ ಶಬ್ದದಲ್ಲಿ ರಕಾರದ ಎತ್ವ ಕೊಂಚ ಜಾರಿ ತಕಾರದ ತಲೆಯೇರಿತೆನ್ನಿ, ಅದು ‘ಕೊರತೆ’ಯಾಗುತ್ತದೆ. ವ್ಯಾಕರಣಕ್ಕೆ ಇದು ಕೇವಲ ಅಕ್ಷರದ ಆಟ. ತಾವರೆಕೆರೆಯ ಸುತ್ತಿನಲ್ಲಿ ಅದು ಮೂವತ್ತು ನಲವತ್ತು ವರ್ಷಗಳ ಚರಿತ್ರೆ.

ಇಂಗ್ಲಿಷಿನ ಬೋರು ಬರುವುದಕ್ಕೆ ಮುಂಚೆ ಈ ನಾಡಿನಲ್ಲಿ ಬೋರರಿಗೆ ಕೊರತೆಯಿರಲಿಲ್ಲವೆಂಬುದನ್ನೂ ಹೇಳಬೇಕು. ಬೋರಯ್ಯ, ಬೋರಪ್ಪ, ಬೋರೇಗೌಡ, ಬೋರಮ್ಮ ಎಂಬ ಹೆಸರುಗಳು ಹಳೆಯ ಮೈಸೂರಿನ ಊರೂರಿನಲ್ಲಿವೆ. ಏರಿದ ನೆಲಕ್ಕೆ ‘ಬೋರೆ’ ಎನ್ನುತ್ತಾರೆ. ನೆರೆಯ ಚಿಕ್ಕನಾಯಕನಹಳ್ಳಿ ತಾಲ್ಲೂಕಿನಲ್ಲಿ ಸುವರ್ಣಮುಖಿಗೆ ಅಡ್ಡಲಾಗಿ ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಮೈಸೂರು ಸರ್ಕಾರ ಕಟ್ಟಿಸಿದ ಜಲಾಶಯದ ಹೆಸರೇ ಬೋರನಕಣಿವೆ. ಅಡಿಮೇಲಾಗಿ ಬೀಳುವುದು ‘ಬೋರಲು’ ಬೀಳುವುದು. ನೀರು ಮೇಲಿನಿಂದ ಧುಮುಕುವ ಸದ್ದಿಗೆ ‘ಭೋರ್ಗರೆತ’. ಹಿರಿಯೂರು ತಾಲ್ಲೂಕಿನ ಮಾರಿಕಣಿವೆಯಲ್ಲಿ, ಎಂದರೆ ವಾಣಿವಿಲಾಸ ಸಾಗರದಲ್ಲಿ, ಕೋಡಿ ಬಿದ್ದದ್ದು 1933ರಲ್ಲೊಮ್ಮೆ. ಆ ಮೇಲೆ 2022ರ ಸೆಪ್ಟೆಂಬರಿನಲ್ಲಿ. ನಡುವಣ ಎಂಬತ್ತೊಂಬತ್ತು ವರ್ಷ ಈ ಸೀಮೆಯ ಮಂದಿಗೆ ಭೋರ್ಗರೆತವೆಂಬುದು ಅಜ್ಜಂದಿರ ಬಾಯಿಯ ಮಾತಾಗಿತ್ತು. ಅಷ್ಟರಲ್ಲಿ ಭೋರ್ಗರೆಯುವುದನ್ನು ಮರೆತ ಕಿವಿಗಳಿಗೆ ಬೋರು ಕೊರೆಯುವ ಸದ್ದು ಅಭ್ಯಾಸವಾಗಿಹೋಗಿತ್ತು.

ಹೊಲದ ಬೋರಿನ ಕಥೆ ಊರ ನಡುವಿನ ಕೈಪಂಪಿನಿಂದ ಪ್ರಾರಂಭವಾಗುತ್ತದೆ. ಆ ಕೈಪಂಪನ್ನು ಇಂದಿಗೂ ಅನೇಕರು ‘ಬೋರಿಂಗು’ ಎನ್ನುತ್ತಾರೆ. ಹಿಡಿ ಒತ್ತಿ ನೀರೆತ್ತುವುದು ‘ಬೋರಿಂಗು ಹೊಡೆಯುವುದು’. 1980ರ ದಶಕದಲ್ಲಿ ಗ್ರಾಮೀಣಾಭಿವೃದ್ಧಿ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬರು ಹಳ್ಳಿಹಳ್ಳಿಗೂ ಕುಡಿಯುವ ನೀರಿನ ಕೊಳವೆಬಾವಿ ತೆಗೆಸಿದರು. ಜನ ಪ್ರೀತಿಯಿಂದ ಅವರ ಹೆಸರನ್ನೇ ತಿದ್ದಿ ‘ನೀರ್ ಸಾಬ್’ ಎಂದು ಕರೆದರು. ಮೈಲುಗಟ್ಟಲೆ ಕೊಡ ಹೊತ್ತ ಹೆಂಗಸರಿಗೆ ಆ ಬೋರು ವರವೇ ಆಯಿತೆಂಬುದರಲ್ಲಿ ಸಂಶಯವಿಲ್ಲ. ಕಾಗದಪತ್ರಗಳಲ್ಲಿ ಇದಕ್ಕೆ ‘ಕೊಳವೆಬಾವಿ’ ಎಂಬ ಅಂದವಾದ ಕನ್ನಡ ಹೆಸರಿದೆ. ಅದು ಅರ್ಜಿಯಲ್ಲಿ ಬರೆಯುವ ಹೆಸರು. ಅಳುವಾಗ ಬಾಯಿಗೆ ಬರುವುದು ಬೋರೇ.

ಕುಡಿಯುವ ನೀರಿನಿಂದ ಬೋರು ಬೆಳೆಯ ನೀರಿಗೆ ಹೊರಳಿತು. ಹಿಂದೆ ಮಳೆಯನ್ನು ನಂಬಿ ರಾಗಿ, ಕಡಲೆಕಾಯಿ ಬಿತ್ತುತ್ತಿದ್ದ ಹೊಲಗಳಲ್ಲಿ ಅಡಿಕೆ, ತೆಂಗು, ದಾಳಿಂಬೆಗಳೆದ್ದವು. ಮುಳುಗು ಮೋಟಾರು ಬಂತು. 2008ರಿಂದ ಹತ್ತು ಅಶ್ವಶಕ್ತಿಯವರೆಗಿನ ಪಂಪುಸೆಟ್ಟುಗಳಿಗೆ ಉಚಿತ ವಿದ್ಯುತ್ತೂ ಬಂತು. ಬಾರದಿದ್ದದ್ದು ನೀರು ಮಾತ್ರ. ಇದು ಗಟ್ಟಿಕಲ್ಲಿನ ನೆಲ. ಮೇಲಿನ ಸಡಿಲು ಮಣ್ಣಿನ ಪದರ ದಾಟಿದರೆ ಕೆಳಗೆಲ್ಲ ಬಂಡೆ. ಆ ಬಂಡೆಯ ಬಿರುಕುಗಳಲ್ಲಿ ನಿಂತಿರುವಷ್ಟೇ ನೀರು. ವರ್ಷಕ್ಕೆ ಆರುನೂರು ಮಿಲಿಮೀಟರಿನ ಆಸುಪಾಸಿನಲ್ಲಿ ಸುರಿಯುವ ಮಳೆಯಲ್ಲಿ ಇಂಗುವ ಪಾಲು ಸ್ವಲ್ಪ, ಎತ್ತುವ ಪಾಲು ಬಹಳ. ಹೀಗಾಗಿ ಮೊದಲು ನೂರು ಇನ್ನೂರು ಅಡಿಗೆ ಸಿಕ್ಕ ನೀರು ಬರಬರುತ್ತ ಆರುನೂರು, ಎಂಟುನೂರು, ಸಾವಿರ ಅಡಿಗಿಳಿಯಿತು. ಪಕ್ಕದ ಪಾವಗಡದಂಥ ಕಡೆ ಅಷ್ಟು ಆಳದಿಂದ ಬಂದ ನೀರು ಫ್ಲೋರೈಡನ್ನು ಹೊತ್ತು ತಂದು ಹಲ್ಲು, ಮೂಳೆಗಳಿಗೆ ಮುಳುವಾಯಿತು.

ಬೋರಿನ ಲಾರಿ ಬರುವುದು ಸಾಮಾನ್ಯವಾಗಿ ತಮಿಳುನಾಡಿನ ನಂಬರು ಹೊತ್ತು. ಇಂಥ ಲಾರಿಗಳಿಗೆ ತಿರುಚೆಂಗೋಡು ತವರುಮನೆ. ಅದಕ್ಕೂ ಮುಂಚೆ ನೀರು ನೋಡುವವನು ಬಂದು, ಅಂಗೈ ಮೇಲೆ ತೆಂಗಿನಕಾಯಿ ನಿಲ್ಲಿಸಿಕೊಂಡೋ ಬೇವಿನ ಕವಲುಕಡ್ಡಿ ಹಿಡಿದೋ ಹೊಲದಲ್ಲೆಲ್ಲ ನಡೆದು ‘ಪಾಯಿಂಟು’ ಮಾಡಿ ಹೋಗಿರುತ್ತಾನೆ. ಪೂಜೆಯಾಗುತ್ತದೆ, ನಿಂಬೆಹಣ್ಣು ನಜ್ಜಾಗುತ್ತದೆ, ಯಂತ್ರ ಗುಡುಗುತ್ತದೆ. ಬಿಳಿಯ ಕಲ್ಲುಧೂಳು ಮೇಲೆದ್ದು ಮನೆಯವರ ತಲೆಗಳನ್ನು ಒಂದೇ ರಾತ್ರಿಯಲ್ಲಿ ಮುದಿಯಾಗಿಸುತ್ತದೆ. ಒಂದರ ಹಿಂದೊಂದು ರಾಡು ಇಳಿಯುತ್ತದೆ. ಆಳ ಹೆಚ್ಚಿದಂತೆ ಅಡಿಯ ದರವೂ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ.

“ಯಜಮಾನ್ರೆ, ಆರುನೂರಾಯ್ತು. ಇನ್ನೊಂದು ಐವತ್ತು ಬಿಡ್ಲಾ?”

ಯಜಮಾನ ಹೆಂಡತಿಯ ಕಡೆ ನೋಡುತ್ತಾನೆ. ಮೊದಲನೆಯ ಬೋರಿಗೆ ಸೊಸೈಟಿಯ ಸಾಲವಾಗಿದೆ, ಎರಡನೆಯದಕ್ಕೆ ಕೈಸಾಲ, ಈ ಮೂರನೆಯದಕ್ಕೆ ಆಕೆಯ ಎರಡೆಳೆಯ ಸರ. ಆಕೆ ನೋಡುತ್ತಿರುವುದು ಗಂಡನನ್ನಲ್ಲ, ಧೂಳಿನ ಬಣ್ಣವನ್ನು. ಧೂಳು ಹಸಿಯಾದರೆ ಕೊಂಚ ಆಸೆ, ಕೆಸರಾದರೆ ಪುಣ್ಯ.

“ಬಿಡಪ್ಪ” ಎಂದು ಹೇಳುವವಳು ಕೊನೆಗೆ ಅವಳೇ.

ನೀರು ಬಂದರೆ ಕಾಲುವೆ ತೋಡಿ, ಕಚ್ಚು ಕೊರೆದ ತಗಡು ನಿಲ್ಲಿಸಿ, ಎರಡಿಂಚು, ಮೂರಿಂಚು ಎಂದು ಅಳೆಯುತ್ತಾರೆ. ಬರದಿದ್ದರೆ ಅಳೆಯುವುದು ಸಾಲವನ್ನು. ಸೋತ ಬೋರಿಗೆ ಹಳ್ಳಿಗರ ಬಾಯಲ್ಲಿ ಇನ್ನೊಂದು ಇಂಗ್ಲಿಷ್ ಶಬ್ದ ಜತೆಗೂಡುತ್ತದೆ: ‘ಫೇಲು’. ಪರೀಕ್ಷೆಯಲ್ಲಿ ಫೇಲಾದ ಹುಡುಗನನ್ನು ಮರುವರ್ಷ ಕೂರಿಸಬಹುದು. ಫೇಲಾದ ಬೋರಿನ ಬಾಯಿಗೆ ಕಲ್ಲು ಮುಚ್ಚುವುದೊಂದೇ ಉಳಿಯುವ ಕೆಲಸ. ಅದನ್ನೂ ಮಾಡದೆ ಬಿಟ್ಟಲ್ಲಿ ಆಗುವ ಅನಾಹುತ ಎಲ್ಲರಿಗೂ ತಿಳಿದದ್ದೇ. ತೆರೆದ ಬೋರುಗಳ ವಿಷಯದಲ್ಲಿ ಸುಪ್ರೀಂ ಕೋರ್ಟು 2010ರಲ್ಲಿಯೇ ಕಟ್ಟಳೆ ವಿಧಿಸಿತು. ಆದರೂ 2024ರ ಏಪ್ರಿಲಿನಲ್ಲಿ ವಿಜಯಪುರ ಜಿಲ್ಲೆಯ ಲಚ್ಯಾಣದಲ್ಲಿ ಎರಡು ವರ್ಷವೂ ತುಂಬದ ಮಗುವೊಂದು ಅಂಥ ಕುಳಿಗೆ ಜಾರಿತು. ಇಪ್ಪತ್ತು ಗಂಟೆಗಳ ಸಾಹಸದ ತರುವಾಯ ಜೀವಂತವಾಗಿ ಹೊರಬಂದಿತು. ಎಲ್ಲ ಮಕ್ಕಳಿಗೂ ಆ ಭಾಗ್ಯವಿರಲಿಲ್ಲ.

ಬೋರು ಒಳಗೆ ಕಾಲಿಟ್ಟಾಗ ಹೊರಗೆ ಹೋದ ಶಬ್ದಗಳ ಪಟ್ಟಿ ದೊಡ್ಡದು. ಏತ, ಕಪಿಲೆ, ಬಾನಿ, ಮಿಣಿಹಗ್ಗ. ಈಗಿನ ಹುಡುಗರಿಗೆ ಇವನ್ನು ಚಿತ್ರ ಬರೆದೇ ತೋರಿಸಬೇಕು. ಎಲ್ಲಕ್ಕಿಂತ ಹೆಚ್ಚಾಗಿ ಮನಸ್ಸಿಗೆ ನೋವಾಗುವುದು ‘ತಲಪರಿಗೆ’ಯ ವಿಷಯದಲ್ಲಿ. ಮಧುಗಿರಿ, ಕೊರಟಗೆರೆ, ಪಾವಗಡ, ಶಿರಾ, ಈ ನಾಲ್ಕು ತಾಲ್ಲೂಕುಗಳ ಸೊತ್ತು ಆ ಮಾತು. ಕೆರೆಯ ಅಂಗಳದಲ್ಲೋ ಹಳ್ಳದ ದಂಡೆಯಲ್ಲೋ ಮರಳುನೆಲವನ್ನು ಕೆಲವೇ ಅಡಿ ಬಗೆದರೆ ತಾನಾಗಿ ಉಕ್ಕುವ ಒರತೆ. ಅದರಿಂದ ಹೊಲಗಳಿಗೆ ತೋಡಿದ ಕಾಲುವೆ. ವರ್ಷಕ್ಕೊಮ್ಮೆ ಊರವರೆಲ್ಲ ಕೂಡಿ ಹೂಳೆತ್ತುವ ಪದ್ಧತಿ. ಯಾರ ಹೊಲಕ್ಕೆ ಯಾವಾಗ ನೀರೆಂಬ ಸರದಿ. ಇಷ್ಟೂ ಆ ಒಂದು ಶಬ್ದದೊಳಗಿದ್ದವು. ತಲಪರಿಗೆ ಊರಿನದು, ಬೋರು ಅವರವರದು. ನೆಲದಡಿಯ ನೀರು ಕೆಳಗಿಳಿದಂತೆ ಒರತೆಗಳ ಬಾಯಿ ಬತ್ತಿತು, ಶಬ್ದವೂ ಮೆಲ್ಲಗೆ ಹೂಳಿನಡಿ ಸೇರಿತು. ಅಲ್ಲೊಂದು ಇಲ್ಲೊಂದು ತಲಪರಿಗೆಯ ಹೂಳೆತ್ತಿಸಿ ಜೀವ ಬರಿಸಿದ ಊರುಗಳೂ ಇವೆ. ಆ ಊರುಗಳ ಮಕ್ಕಳ ಬಾಯಲ್ಲಿ ಆ ಮಾತು ಮತ್ತೆ ಕೇಳಿಬಂದಿತೆಂಬುದು ನಿಘಂಟುಕಾರರಿಗೂ ಸಂತೋಷದ ಸಂಗತಿ.

ಹಳೆಯ ಶಬ್ದಗಳಲ್ಲಿ ಒಂದು ಮಾತ್ರ ತಾವರೆಕೆರೆಯಂಥ ಊರುಗಳಲ್ಲಿ ಕೆಲಸ ಬದಲಿಸಿಕೊಂಡು ಬದುಕಿದೆ: ನೀರುಗಂಟಿ. ಕೆರೆಯ ತೂಬೆತ್ತಿ ಗದ್ದೆಗದ್ದೆಗೂ ನೀರು ಹಂಚುತ್ತಿದ್ದವನ ಹೆಸರದು. ಈಗಿನ ನೀರುಗಂಟಿ ಪಂಚಾಯಿತಿಯ ನೌಕರ. ಅವನ ಬಳಿ ಇರುವುದು ಬೋರಿನ ಮನೆಯ ಬೀಗದ ಕೈ. ಕರೆಂಟು ಯಾವ ಹೊತ್ತಿಗೆ ಬರುವುದೋ ಆ ಹೊತ್ತಿಗೆ ಬೆಳಗಿನ ಜಾವವಾದರೂ ಸರಿ, ಟಾರ್ಚು ಹಿಡಿದು ಹೋಗಿ ಗುಂಡಿ ಒತ್ತುತ್ತಾನೆ. ಬೀದಿಯ ನಲ್ಲಿಯೊಳಗೆ ಮೊದಲು ಗಾಳಿ ಕೆಮ್ಮುತ್ತದೆ. ಅದನ್ನು ಕೇಳಿ ಒಳಗಿನಿಂದ ಯಾರೋ “ಏಳೇ, ನೀರು ಬಂತು” ಎಂದು ಮಗಳನ್ನು ಎಬ್ಬಿಸುತ್ತಾರೆ. ಕಟ್ಟೆಯ ಮೇಲೆ ರಾತ್ರಿಯೆಲ್ಲ ಬೋರಲು ಬಿದ್ದಿದ್ದ ಕೊಡಗಳು ಒಂದೊಂದಾಗಿ ಎದ್ದು ನಿಲ್ಲುತ್ತವೆ.