ಅರಳು ಮರಳು ಎಂದು ಸುಮ್ಮನಾಗಬೇಡಿ

ಅರವತ್ತಕ್ಕೆ ಅರಳು ಮರಳು ಎಂಬ ಮಾತು ನಮ್ಮಲ್ಲಿ ಬಹಳ ಹಳೆಯದು. ಮನೆಯ ಹಿರಿಯರು ಏನಾದರೂ ತಪ್ಪಿ ಮಾತನಾಡಿದರೆ ಈ ಗಾದೆ ಹೇಳಿ ಸುಮ್ಮನಾಗುತ್ತೇವೆ. ಆದರೆ ಓದುಗರೇ, ವಯಸ್ಸಿನ ಮರೆವು ನಿಧಾನವಾಗಿ, ತಿಂಗಳು ವರ್ಷಗಳಲ್ಲಿ ಬರುವಂಥದ್ದು. ನಿನ್ನೆಯವರೆಗೆ ಸರಿಯಿದ್ದವರು ಇಂದು ಏಕಾಏಕಿ ಗೊಂದಲಕ್ಕೆ ಬಿದ್ದರೆ ಅದರ ಹಿಂದೆ ಯಾವುದೋ ಕಾಯಿಲೆ ಇರಬಹುದು. ಅಂಥ ಕಾಯಿಲೆಗಳಲ್ಲಿ ಮೂತ್ರದ ಸೋಂಕೂ ಒಂದು.

ಎರಡು ವರ್ಷಗಳ ಹಿಂದೆ, ನನ್ನ ಉಮ್ಮನಿಗೆ 76 ವರ್ಷವಾಗಿದ್ದಾಗ, ಹೀಗೇ ಆಯಿತು. ಒಂದು ಸಂಜೆ ಅವರು, "ನಿನ್ನ ಬಾಪ ಇನ್ನೂ ಮಸೀದಿಯಿಂದ ಬಂದಿಲ್ವಾ?" ಎಂದು ಕೇಳಿದರು. ಬಾಪ ತೀರಿಕೊಂಡು ಹನ್ನೊಂದು ವರ್ಷಗಳಾಗಿದ್ದವು. ಅಂದು ಊಟ ಸೇರಿರಲಿಲ್ಲ, ಹಾಸಿಗೆ ಎರಡು ಸಲ ಒದ್ದೆಯಾಗಿತ್ತು. ಜ್ವರ ಮಾತ್ರ ಇರಲಿಲ್ಲ. ನೋಡಲು ಬಂದವರಲ್ಲಿ ಒಬ್ಬರು ವಯಸ್ಸಾಯಿತು ಎಂದರು, ಇನ್ನೊಬ್ಬರು ನೂಲು ಮಂತ್ರಿಸಿ ಕಟ್ಟಿಸಿ ಎಂದರು. ಉಮ್ಮ ಎರಡು ದಿನಗಳಿಂದ ಪದೇ ಪದೇ ಬಚ್ಚಲಿಗೆ ಹೋಗುತ್ತಿದ್ದುದನ್ನು ಗಮನಿಸಿದ್ದು ನನ್ನ ಹೆಂಡತಿ. ಅವಳು ಒಬ್ಬಳೇ ಕುಳಿತು ಕೇಳಿದಾಗ ಉರಿಯ ವಿಷಯ ಹೊರಬಂತು. ಮಗನೆದುರು ಹೇಗೆ ಹೇಳುವುದೆಂಬ ಸಂಕೋಚ ಅವರಿಗೆ.

ವೈದ್ಯರು ಮೂತ್ರದ ಜೊತೆಗೆ ರಕ್ತದಲ್ಲಿ ಸಕ್ಕರೆ, ಉಪ್ಪಿನ ಅಂಶವನ್ನೂ ಪರೀಕ್ಷಿಸಿದರು. ಸೋಂಕು ಖಚಿತವಾಗಿ ಔಷಧ ಶುರುವಾದ ಮೇಲೆ ಒಂದು ವಾರದಲ್ಲಿ ಉಮ್ಮ ಮೊದಲಿನಂತಾದರು.

ಯುವಕರಿಗೆ ಮೂತ್ರದ ಸೋಂಕಾದರೆ ಉರಿ, ಹೊಟ್ಟೆಯ ಕೆಳಭಾಗದಲ್ಲಿ ನೋವು, ಜ್ವರ ಎದ್ದು ಕಾಣುತ್ತವೆ. ಹಿರಿಯರಲ್ಲಿ ಇವು ಮಂದವಾಗಿರಬಹುದು. ಬದಲಾಗಿ ಗೊಂದಲ, ಮಂಪರು, ಹಸಿವಿಲ್ಲದಿರುವುದು, ಹೊಸದಾಗಿ ಮೂತ್ರ ತಡೆಯಲಾಗದಿರುವುದು, ನಡೆಯುವಾಗ ಬೀಳುವುದು ಕಾಣಿಸಬಹುದು. ಸಕ್ಕರೆ ಕಾಯಿಲೆಯವರು, ಮೂತ್ರದ ನಳಿಕೆ ಹಾಕಿಸಿಕೊಂಡವರು, ಪ್ರಾಸ್ಟೇಟ್ ಗ್ರಂಥಿ ಊದಿಕೊಂಡ ಗಂಡಸರು, ಮುಟ್ಟು ನಿಂತ ಹೆಂಗಸರು ಇದಕ್ಕೆ ಬೇಗ ತುತ್ತಾಗುತ್ತಾರೆ.

ಹಾಗೆಂದು ಎಲ್ಲ ಗೊಂದಲವೂ ಮೂತ್ರದ ಸೋಂಕಲ್ಲ. ನೀರು ಕಡಿಮೆಯಾದರೂ, ಮಲಬದ್ಧತೆಯಾದರೂ, ಹೊಸ ಮಾತ್ರೆ ಒಗ್ಗದಿದ್ದರೂ, ನ್ಯುಮೋನಿಯಾ ಬಂದರೂ ಹೀಗಾಗಬಹುದು. ಮಾತು ತೊದಲಿ, ಬಾಯಿ ಸೊಟ್ಟಗಾಗಿ, ಕೈಕಾಲು ಸೋತರೆ ಅದು ಪಾರ್ಶ್ವವಾಯು ಇರಬಹುದು. ಒಂದು ನಿಮಿಷವೂ ತಡಮಾಡಬಾರದು. ಇನ್ನೊಂದು ವಿಷಯ: ಅನೇಕ ಹಿರಿಯರ ಮೂತ್ರದಲ್ಲಿ ಯಾವ ತೊಂದರೆಯೂ ಇಲ್ಲದೆ ರೋಗಾಣುಗಳಿರುತ್ತವೆ. ವರದಿಯಲ್ಲಿ ರೋಗಾಣು ಕಂಡಿತೆಂದೋ, ವಾಸನೆ ಬಂತೆಂದೋ ಔಷಧದಂಗಡಿಯಿಂದ ಆ್ಯಂಟಿಬಯೋಟಿಕ್ ತಂದು ಕೊಡಬೇಡಿ. ಕಲ್ಚರ್ ಪರೀಕ್ಷೆಯ ಮೂತ್ರವನ್ನು ಆದಷ್ಟು ಮಟ್ಟಿಗೆ ಔಷಧ ಶುರುವಾಗುವ ಮೊದಲೇ ಕೊಡಬೇಕು. ಚಳಿ ನಡುಕ, ಬೆನ್ನಿನ ಪಕ್ಕದಲ್ಲಿ ನೋವು, ವಾಂತಿ, ಎಬ್ಬಿಸಿದರೂ ಏಳದ ಮಂಪರು, ಮೂತ್ರ ನಿಂತುಹೋಗುವುದು, ಇವು ಕಂಡರೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ.

ನಮ್ಮ ಹಿರಿಯರಲ್ಲಿ ಹಲವರು ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತಾರೆ. ವುಝೂ ಮುರಿಯುತ್ತದೆ, ರಾತ್ರಿ ಏಳಬೇಕಾಗುತ್ತದೆ, ಬಟ್ಟೆ ನಜೀಸಾಗುತ್ತದೆ ಎಂಬ ಭಯ. ಮೂತ್ರ ತಡೆಯಲಾಗದವರಿಗೆ ಶರೀಅತ್‌ನಲ್ಲಿ ರಿಯಾಯಿತಿಯಿದೆ. ಸತತವಾಗಿ ತೊಟ್ಟಿಕ್ಕುವವರು ಶುಚಿ ಮಾಡಿಕೊಂಡು, ಆಯಾ ನಮಾಝಿನ ಸಮಯವಾದ ಮೇಲೆ ವುಝೂ ಮಾಡಿ ನಮಾಝ್ ನಿರ್ವಹಿಸಬಹುದು. ನಡುವೆ ತೊಟ್ಟಿಕ್ಕಿದರೆ ನಮಾಝ್ ಕೆಡುವುದಿಲ್ಲ. ಇದನ್ನು ಅವರಿಗೆ ತಿಳಿಸಿ ಹೇಳಿ. ಹೃದಯ ಅಥವಾ ಕಿಡ್ನಿಯ ಕಾಯಿಲೆಗಾಗಿ ವೈದ್ಯರು ನೀರಿಗೆ ಮಿತಿ ಹಾಕಿರದಿದ್ದರೆ, ಹಗಲಿನಲ್ಲಿ ಆಗಾಗ ಅರ್ಧರ್ಧ ಲೋಟ ಕೊಡಿ. ಬಚ್ಚಲಿನ ದಾರಿಯಲ್ಲಿ ರಾತ್ರಿ ದೀಪವಿರಲಿ.

ಹಿರಿಯರ ಊಟ, ನಿದ್ರೆಯನ್ನು ನಾವು ವಿಚಾರಿಸುತ್ತೇವೆ, ಮೂತ್ರದ ವಿಷಯ ಕೇಳುವುದಿಲ್ಲ. ತಾಯಿಯನ್ನು ಮಗಳೋ ಸೊಸೆಯೋ, ತಂದೆಯನ್ನು ಮಗನೋ ಮೊಮ್ಮಗನೋ ಮರೆಯಲ್ಲಿ ಮೆಲ್ಲಗೆ ಕೇಳಲಿ. ಅವರ ಮಾನ ಉಳಿಸಿ ಕೇಳಿದರೆ ಅವರು ಖಂಡಿತ ಹೇಳುತ್ತಾರೆ.