ಕಾಫಿ ವ್ಯಾಪಾರವೂ ವಿದ್ಯಾರ್ಥಿವೇತನವೂ

ವ್ಯಾಪಾರಕ್ಕೂ ಧರ್ಮಕ್ಕೂ ಎಣ್ಣೆ-ಸೀಗೆಕಾಯಿಯ ಸಂಬಂಧವೆಂಬುದು ನಮ್ಮ ಜನರ ಸಾಮಾನ್ಯ ನಂಬಿಕೆ. ಆದುದರಿಂದ, ಬೆಳೆಗಾರರಿಗೆ ನ್ಯಾಯವಾದ ಬೆಲೆ ಕೊಡುವುದಾಗಿ ಹೇಳುವ ಕಾಫಿ ಕಂಪನಿಯೊಂದು ಬೇಸಿಗೆಯ ರಜೆಯಲ್ಲಿ ಎಂಟು ವಾರ ಕೆಲಸ ಕಲಿಯಲು ವಿದ್ಯಾರ್ಥಿಗಳಿಗೆ ಫೆಲೋಷಿಪ್ ಕೊಡುತ್ತದೆಂದು ತಿಳಿದಾಗ ಗೆಳೆಯರೆಲ್ಲರೂ ನಕ್ಕರು. “ಬೆಕ್ಕು ಹಾಲಿನ ಲೆಕ್ಕ ಕಲಿಸುತ್ತದಂತೆ!” ಎಂದನೊಬ್ಬ.

ನಾನು ಅರ್ಜಿ ಹಾಕಿದೆನು. ಕಾರಣ ಸರಳವಾದುದು, ಅದಕ್ಕೆ ವೇತನವಿತ್ತು. ವೇತನವಿಲ್ಲದೆ ಕೆಲಸ ಕಲಿಸುವವರು ಪೇಟೆಯಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಆದರೆ ಎರಡು ತಿಂಗಳು ಮನೆಗೆ ಕಾಸು ತಾರದೆ ಇರಬಲ್ಲವರಿಗೆ ಮಾತ್ರ ಅದು ಅವಕಾಶ. ನನ್ನ ತಾಯಿ ಚಿಕ್ಕಮಗಳೂರು ಸೀಮೆಯ ತೋಟವೊಂದರಲ್ಲಿ ಹಣ್ಣು ಕೊಯ್ಯುವವಳು. ನಾನು ಬೆಳೆದುದು ಲೈನ್ ಮನೆಯಲ್ಲಿ.

ಮೊದಲನೆಯ ವಾರದಲ್ಲಿಯೇ ತಕ್ಕಡಿಯ ಮಹಿಮೆ ತಿಳಿಯಿತು. ಸಣ್ಣ ಬೆಳೆಗಾರನು ಒಣಗಿಸಿ ತರುವ 50 ಕಿಲೋ ರೊಬಸ್ಟಾ ಚೆರಿಯ ಮೂಟೆಯಲ್ಲಿ, ಸಿಪ್ಪೆ ಹೋಗಿ ಉಳಿಯುವ ಬೀಜ ಸಾಮಾನ್ಯವಾಗಿ 26 ರಿಂದ 28 ಕಿಲೋ. ಇದಕ್ಕೆ ಔಟ್‌ಟರ್ನ್ ಎನ್ನುತ್ತಾರೆ. ಮಾದರಿಗೆಂದು ಸ್ವಲ್ಪ ತೆಗೆದು, ಸುಲಿದು, ತೂಗಿ, ತೇವವನ್ನಳೆದು ಬೆಲೆ ಕಟ್ಟುವುದು ಪದ್ಧತಿ. ಚೀಟಿಯಲ್ಲಿ ಒಂದು ಕಿಲೋ ಕಡಮೆ ಬರೆದರೆ, ಮೂಟೆಮೂಟೆಗೂ ಅಷ್ಟು ಬೀಜ ಬೆಳೆಗಾರನ ಕೈಬಿಟ್ಟಿತೆಂದೇ ಅರ್ಥ. ಈ ಕಂಪನಿಯಲ್ಲಿ ಮಾದರಿಯನ್ನು ಬೆಳೆಗಾರನ ಕಣ್ಣೆದುರಿಗೇ ಸುಲಿಯುತ್ತಿದ್ದರು. ಚೀಟಿಯನ್ನು ಕನ್ನಡದಲ್ಲಿ ಬರೆಯುತ್ತಿದ್ದರು. ನ್ಯೂಯಾರ್ಕಿನ ಅರೇಬಿಕಾ ಧಾರಣೆಯನ್ನೂ ಲಂಡನ್ನಿನ ರೊಬಸ್ಟಾ ಧಾರಣೆಯನ್ನೂ ಬಾಗಿಲಲ್ಲಿ ಹಲಗೆಯ ಮೇಲೆ ಕಾಣಿಸುತ್ತಿದ್ದರು. ನ್ಯಾಯವೆಂಬುದು ಭಾಷಣದಲ್ಲಿಲ್ಲ, ಚೀಟಿಯಲ್ಲಿದೆ ಎಂದು ನನಗೆ ಮನದಟ್ಟಾಯಿತು.

ಸಂಜೆಯ ಹೊತ್ತು ಈ ವ್ಯಾಪಾರದ ಚರಿತ್ರೆಯನ್ನು ಓದಿಕೊಂಡೆನು. ಜಾವಾ ದ್ವೀಪದ ರೈತರನ್ನು ಡಚ್ಚರು ಶೋಷಿಸಿದ ಬಗೆಯನ್ನು ‘ಮ್ಯಾಕ್ಸ್ ಹಾವೆಲಾರ್’ ಎಂಬ ಕಾದಂಬರಿ 1860ರಲ್ಲಿ ಬಯಲಿಗೆಳೆಯಿತು. ಅದೇ ಹೆಸರಿನ ಮುದ್ರೆಯನ್ನು 1988ರಲ್ಲಿ ಹಾಲೆಂಡಿನವರು ಮೆಕ್ಸಿಕೋದ ಸಣ್ಣ ರೈತರ ಕಾಫಿಗೆ ಒತ್ತಿದರು. ಅಮೆರಿಕದಲ್ಲಿ 1986ರಲ್ಲಿ ಹುಟ್ಟಿದ ‘ಈಕ್ವಲ್ ಎಕ್ಸ್‌ಚೇಂಜ್’ ಕೆಲಸಗಾರರೇ ಒಡೆಯರಾಗಿರುವ ಸಹಕಾರಿ ಸಂಸ್ಥೆ.

ನಮ್ಮಲ್ಲಿಯೂ ಇಂಥ ಪ್ರಯತ್ನಗಳು ಇಲ್ಲದಿಲ್ಲ. ಕಾಫಿ ಮಂಡಳಿಯು ತನ್ನ ಕಾಫಿ ಹೌಸುಗಳನ್ನು ಮುಚ್ಚತೊಡಗಿದಾಗ, 1957ರ ಆಗಸ್ಟಿನಲ್ಲಿ ಬೆಂಗಳೂರಿನ ನೌಕರರು ಸಹಕಾರ ಸಂಘ ಕಟ್ಟಿಕೊಂಡರು. ಬೆಳೆಗಾರರ ಕಾಫಿಯನ್ನು ಮಂಡಳಿಯೇ ಒಟ್ಟುಗೂಡಿಸಿ ಮಾರುವ ‘ಪೂಲ್’ ಪದ್ಧತಿಯು ಹಲವು ದಶಕಗಳ ಕಾಲ ನಡೆದು, 1996ರಲ್ಲಿ ಪೂರ್ಣವಾಗಿ ನಿಂತಿತು. ಅಂದಿನಿಂದ ಬೆಳೆಗಾರನು ಸ್ವತಂತ್ರನಾದನು, ಒಂಟಿಯೂ ಆದನು. 2001ರ ಸುಮಾರಿಗೆ ಲೋಕದ ಧಾರಣೆಯೇ ಕುಸಿದುಬಿದ್ದಾಗ ಆ ಒಂಟಿತನದ ಬೆಲೆ ಅವನಿಗೆ ತಿಳಿಯಿತು. ಆದಕಾರಣ ಕೊಳ್ಳುವವನ ಪ್ರಾಮಾಣಿಕತೆ ಇಂದು ದೊಡ್ಡ ಮಾತು.

ಇಷ್ಟಾದರೂ ನನ್ನ ಮನಸ್ಸಿನಲ್ಲಿ ಒಂದು ಮುಳ್ಳು ಉಳಿದಿತ್ತು. ಕಂಪನಿಯ ಪುಸ್ತಕದಲ್ಲಿ ಬೆಳೆಗಾರನ ಹೆಸರಿತ್ತು, ಲಾರಿಯ ಬಾಡಿಗೆಯಿತ್ತು, ಗೋಣಿಚೀಲದ ಬೆಲೆಯಿತ್ತು. ಒಂದು ಕಿಲೋ ಬೀಜಕ್ಕಾಗಿ ಸುಮಾರು 5–6 ಕಿಲೋ ಹಣ್ಣನ್ನು ಕೊಯ್ಯುವ ಕೈಗಳ ಸುದ್ದಿಯೇ ಇರಲಿಲ್ಲ. ವಿದೇಶದಲ್ಲಿಯೂ ಇದೇ ಜಗಳ. ಅಂತರರಾಷ್ಟ್ರೀಯ ‘ಫೇರ್‌ಟ್ರೇಡ್’ ಸಂಸ್ಥೆಯು ಕಾಫಿಯ ಮಟ್ಟಿಗೆ ಸಣ್ಣ ಬೆಳೆಗಾರರ ಸಂಘಗಳಿಗೆ ಮಾತ್ರ ಮುದ್ರೆ ಕೊಡುತ್ತದೆ. ಕೂಲಿಯಾಳುಗಳ ತೋಟಗಳನ್ನೂ ಸೇರಿಸಬೇಕೆಂದು ಅಮೆರಿಕದ ಶಾಖೆ 2011ರಲ್ಲಿ ಬೇರೆಯಾಗಲು ನಿರ್ಧರಿಸಿತು. ದೊಡ್ಡ ತೋಟ ಒಳಗೆ ಬಂದರೆ ಸಣ್ಣವನು ಹೊರಗೆ ಹೋದಾನೆಂಬ ಭಯ ಸುಳ್ಳಲ್ಲ. ಆದರೆ ನನ್ನ ತಾಯಿ ಯಾವ ಬಾಗಿಲಲ್ಲಿ ನಿಲ್ಲಬೇಕು?

ಮ್ಯಾನೇಜರರನ್ನು ಕೇಳಿಯೇಬಿಟ್ಟೆನು. ಅವರು ಸಿಟ್ಟಾಗಲಿಲ್ಲ. “ನಾವು ಕೊಳ್ಳುವುದು ಬೆಳೆಗಾರನಿಂದ. ಅವನು ಆಳಿಗೆ ಕೊಡುವುದು ನಮ್ಮ ಲೆಕ್ಕಕ್ಕೆ ಬರುವುದಿಲ್ಲ. ಬರಬೇಕೆಂದು ನಿನಗೆ ತೋರಿದರೆ ವರದಿಯಲ್ಲಿ ಬರೆ,” ಎಂದರು. ಬರೆದೆನು. ಬೆಲೆಯ ಪಟ್ಟಿಗೆ ‘ಕೊಯ್ಲಿನ ಕೂಲಿ’ ಎಂಬ ಒಂದು ಅಂಕಣವನ್ನು ಸೇರಿಸಿದೆನು. ಅಂಕಣ ಖಾಲಿಯಾಗಿಯೇ ಅಚ್ಚಾಯಿತು, ಆದರೂ ಅಚ್ಚಾಯಿತು. ಊರಿಗೆ ಹೋದಾಗ ತಾಯಿಗೆ ತೋರಿಸಿದೆನು. ಅವಳಿಗೆ ಓದು ಬಾರದು. ಖಾಲಿ ಜಾಗದ ಮೇಲೆ ಬೆರಳಿಟ್ಟು, “ಇಲ್ಲಿ ನಾವೋ?” ಎಂದು ಕೇಳಿದಳು.

ಸಹಪಾಠಿಗಳೇ, ಇಂಥ ಫೆಲೋಷಿಪ್ಪುಗಳು ಬಂದಾಗ ನಗಬೇಡಿ, ಅರ್ಜಿ ಹಾಕಿ. ವೇತನವೆಷ್ಟೆಂದು ಕೇಳಲು ನಾಚಬೇಡಿ. ಲೆಕ್ಕದ ಪುಸ್ತಕ ತೋರಿಸುವರೋ ಎಂಬುದನ್ನೂ ಕೇಳಿ. ಗುರುಗಳಲ್ಲಿ ನನ್ನದೊಂದು ಬಿನ್ನಹ: ಲೈನ್ ಮನೆಗಳಿಂದ ಬಂದ ಹುಡುಗ ಹುಡುಗಿಯರನ್ನು ಹುಡುಕಿ ಕಳುಹಿಸಿ. ಪುಸ್ತಕದಲ್ಲಿ ಯಾರ ಹೆಸರಿಲ್ಲವೆಂಬುದು ಅವರ ಕಣ್ಣಿಗೆ ಬೇಗ ಬೀಳುತ್ತದೆ.